ಅಂಕ ಕೊಡುವ ಮೊದಲು ಯಂತ್ರವನ್ನು ಸರಿಪಡಿಸುವುದು: ಹಳೆಯ ಟಿವಿ ಗೇಮ್‌ಗಳೊಂದಿಗೆ ನನ್ನ ಅನುಭವ

ಹಳೆಯ ವಿಡಿಯೋ ಗೇಮ್‌ಗಳನ್ನು ಆಡಿ, ಹತ್ತರಲ್ಲಿ ಇಷ್ಟು ಎಂದು ಅಂಕ ಕೊಟ್ಟು ಪುಸ್ತಕದಲ್ಲಿ ಬರೆದಿಡುವುದು ನಾನು ಹಲವು ವರ್ಷಗಳಿಂದ ಬಿಡದೆ ನಡೆಸಿಕೊಂಡು ಬಂದ ಹವ್ಯಾಸ. ಈ ಕೆಲಸದಲ್ಲಿ ಆಟಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಯಂತ್ರದ ರಿಪೇರಿ. ಗುಂಡಿ ಸರಿಯಾಗಿ ತಾಗದ ಜಾಯ್‌ಸ್ಟಿಕ್ಕಿನಲ್ಲಿ ಆಡಿ ‘ವಿಪರೀತ ಕಷ್ಟ’ ಎಂದೋ, ನಿಧಾನವಾಗಿ ಓಡುವ ಪೆಟ್ಟಿಗೆಯಲ್ಲಿ ಆಡಿ ‘ತೀರಾ ಸಪ್ಪೆ’ ಎಂದೋ ಬರೆದರೆ, ಆ ಅಂಕ ಸಲ್ಲುವುದು ಯಂತ್ರಕ್ಕೇ ಹೊರತು ಗೇಮಿಗಲ್ಲ. ಯಂತ್ರದ ದೋಷವನ್ನು ಮೊದಲು ಕಳೆದು ಉಳಿದದ್ದಕ್ಕೆ ಮಾತ್ರ ಅಂಕ ಕೊಡುವ ಕ್ರಮವನ್ನು ಕಾರವಾರದ ಮನೆಯಲ್ಲಿ ಹೇಗೆ ರೂಢಿಸಿಕೊಂಡೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಅಂಗಡಿಗಳಲ್ಲಿ ‘ಟಿವಿ ಗೇಮ್’ ಎಂದು ಮಾರುತ್ತಿದ್ದ ಪೆಟ್ಟಿಗೆಗಳಲ್ಲಿ ಹೆಚ್ಚಿನವು, ನಿಂಟೆಂಡೋ ಕಂಪನಿಯು 1983ರ ಜುಲೈ 15ರಂದು ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಯಂತ್ರದ ನಕಲುಗಳು. ನಾವು ‘ಕ್ಯಾಸೆಟ್’ ಎನ್ನುತ್ತಿದ್ದ 60 ಪಿನ್ನುಗಳ ಕಾರ್ಟ್ರಿಜ್ಜು ಮೂಲ ಯಂತ್ರಕ್ಕೂ ನಕಲಿಗೂ ಹೊಂದುತ್ತದೆ. ನನ್ನಲ್ಲಿ ಎರಡೂ ಇವೆ. ನಕಲನ್ನು ಇಲ್ಲಿಯೇ ಕೊಂಡದ್ದು. ಎವಿ ಕೇಬಲ್ ಹಾಕಲು ಬರುವ 1993ರ ಮಾದರಿಯ ಫ್ಯಾಮಿಕಾಮನ್ನು ಸರಕು ಹಡಗಿನಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಜಪಾನಿನಿಂದ ತಂದುಕೊಟ್ಟನು. ಜಪಾನಿನ ಮನೆಗಳಲ್ಲಿ ಬರುವುದು 100 ವೋಲ್ಟಿನ ವಿದ್ಯುತ್ತಾದ್ದರಿಂದ ಅಲ್ಲಿನ ಅಡಾಪ್ಟರನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಎಂದಿಗೂ ಹಾಕಬಾರದು. ಒಂದು ಆಂಪಿಯರ್ ಕೊಡುವ, ಪಿನ್ನಿನ ನಡುಭಾಗ ಮೈನಸ್ ಇರುವ 9 ವೋಲ್ಟಿನ ಡಿಸಿ ಅಡಾಪ್ಟರಿನಿಂದ ನನ್ನ ಯಂತ್ರ ಯಾವ ತಕರಾರೂ ಇಲ್ಲದೆ ನಡೆಯುತ್ತಿದೆ.

ಕರಾವಳಿಯಲ್ಲಿ ಈ ಹವ್ಯಾಸಕ್ಕೆ ಮೊದಲ ಶತ್ರು ಉಪ್ಪುಗಾಳಿ. ಕಾರವಾರದ ಕೋಡಿಬಾಗದಂತಹ ಕಡೆ, ಒಂದು ಬದಿಯಲ್ಲಿ ಕಾಳಿ ನದಿ, ಇನ್ನೊಂದು ಬದಿಯಲ್ಲಿ ಸಮುದ್ರ ಇರುವಲ್ಲಿ, ಕ್ಯಾಸೆಟ್ಟನ್ನು ಒಂದು ಮಳೆಗಾಲ ಹೊರಗಿಟ್ಟರೆ ಸಾಕು, ಅದರ ಪಿನ್ನುಗಳ ಮೇಲೆ ಹಸಿರು ಬಿಳುಪಿನ ಕಿಲುಬು ಕೂರುತ್ತದೆ. ಟಿವಿಯಲ್ಲಿ ಚಿತ್ರದ ಬದಲು ಚೌಕ ಚೌಕವಾದ ಬಣ್ಣಗಳು ಬಂದರೆ ಬಹುತೇಕ ಕಾರಣ ಇದೇ. ಬಾಲ್ಯದಲ್ಲಿ ನಾವೆಲ್ಲರೂ ಕ್ಯಾಸೆಟ್ಟಿನ ಬಾಯಿಗೆ ‘ಉಫ್’ ಎಂದು ಊದಿ ಮತ್ತೆ ತುರುಕುತ್ತಿದ್ದೆವು. ಅದು ಓಡಿದರೆ ಊದಿದ್ದರಿಂದಲೇ ಓಡಿತೆಂದು ನಂಬಿದ್ದೆವು. ನಿಜವಾಗಿ ಕೆಲಸ ಮಾಡುತ್ತಿದ್ದದ್ದು ತೆಗೆದು ಹಾಕುವಾಗಿನ ತಿಕ್ಕಾಟ; ಬಾಯಿಯ ತೇವದಿಂದ ಲೋಹ ಇನ್ನಷ್ಟು ಹಾಳಾಗುತ್ತಿತ್ತು. ಈಗ ನಾನು ಹತ್ತಿಯ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಪಿನ್ನುಗಳ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಒರೆಸುತ್ತೇನೆ. ಕಡ್ಡಿಯ ತುದಿ ಕಪ್ಪಾಗುವುದು ನಿಲ್ಲುವವರೆಗೂ ಹೊಸ ಕಡ್ಡಿ ತೆಗೆದುಕೊಳ್ಳುತ್ತೇನೆ. ಅದಕ್ಕೂ ಬಗ್ಗದ ಕಿಲುಬಿಗೆ ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರನ್ನು ಹಗುರವಾಗಿ ಆಡಿಸಬಹುದು, ಆದರೆ ಒತ್ತಿ ತಿಕ್ಕಿದರೆ ಮೇಲಿನ ಲೇಪವೇ ಹೋಗುತ್ತದೆ. ಪೂರ್ತಿ ಆರಿದ ಮೇಲೆ ಕ್ಯಾಸೆಟ್ಟುಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಟಿಗಳೊಂದಿಗೆ ಇಡುತ್ತೇನೆ.

ಜಾಯ್‌ಸ್ಟಿಕ್ಕಿನ ಒಳಗೆ ಗುಂಡಿಗಳ ಅಡಿಯಲ್ಲಿ ರಬ್ಬರಿನ ಗುಳ್ಳೆಗಳಿದ್ದು, ಅವುಗಳ ತಳದಲ್ಲಿರುವ ಇಂಗಾಲದ ಕರಿ ಬಿಲ್ಲೆ ಬೋರ್ಡನ್ನು ತಾಗಿದಾಗ ಸಂಪರ್ಕ ಆಗುತ್ತದೆ. ಈ ಬಿಲ್ಲೆ ಸವೆದರೆ ಹತ್ತು ಸಲ ಒತ್ತಿದಾಗ ಒಂದೆರಡು ಸಲ ತಾಗುವುದಿಲ್ಲ, ಮತ್ತು ಆಡುವವರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ನಕಲು ಯಂತ್ರದ ಜಾಯ್‌ಸ್ಟಿಕ್ಕುಗಳಲ್ಲಿ ಇನ್ನೊಂದು ಆಮಿಷ ಇದೆ: ಒತ್ತಿ ಹಿಡಿದರೆ ತಾನೇ ಗುಂಡು ಸುರಿಸುವ ಟರ್ಬೊ ಗುಂಡಿಗಳು. ಅಂಕ ಕೊಡುವ ಆಟದಲ್ಲಿ ಅವುಗಳನ್ನು ನಾನು ಮುಟ್ಟುವುದಿಲ್ಲ. ಗ್ಯಾಲಗಾದಂತಹ ಗೇಮಿನಲ್ಲಿ ಯಾವಾಗ ಗುಂಡು ಬಿಡಬೇಕು ಎಂಬುದೇ ಅರ್ಧ ಆಟ. ಟರ್ಬೊ ಹಿಡಿದರೆ ಆ ಅರ್ಧವನ್ನು ಆಡಿದಂತೆಯೇ ಆಗುವುದಿಲ್ಲ.

ಟಿವಿಯ ವಿಷಯದಲ್ಲಿ ನನಗೆ ರಾಜಿ ಇಲ್ಲ. ಶಿರಸಿಯಲ್ಲಿರುವ ನನ್ನ ತಂಗಿಯ ಮನೆಯ ದೊಡ್ಡ ಎಲ್‌ಇಡಿ ಟಿವಿಗೆ ಒಮ್ಮೆ ಯಂತ್ರವನ್ನು ಜೋಡಿಸಿಕೊಟ್ಟಾಗ, ಮಾರಿಯೋ ಪದೇ ಪದೇ ಹೊಂಡಕ್ಕೆ ಬೀಳುವುದನ್ನು ಕಂಡು ತಂಗಿಯ ಮಗಳು ಸಿಟ್ಟಿನಿಂದ ಹೇಳಿದಳು: “ಆನು ಒತ್ತಿದ್ದಿ ಮಾವಾ, ಅದು ಹಾರಿದ್ದೇ ಇಲ್ಲೆ.” ನಾನೆಂದೆ: “ನಿನ್ನ ಕೈ ತಪ್ಪಲ್ಲ ಕೂಸೇ, ಟಿವಿನೇ ತಡ ಮಾಡ್ತಾ ಇದ್ದು.” ಹುಡುಗಿ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಇಂತಹ ಟಿವಿ ಹಳೆಯ ಸಂಕೇತವನ್ನು ತನ್ನ ಪರದೆಯ ಅಳತೆಗೆ ಹಿಗ್ಗಿಸಿ ತೋರಿಸುವಷ್ಟರಲ್ಲಿ ಕೆಲವು ಫ್ರೇಮುಗಳು, ಅಂದರೆ ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳು, ಕಳೆದಿರುತ್ತವೆ. ಗೇಮ್ ಮೋಡ್ ಹಾಕಿದರೆ ತಡ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಇದಲ್ಲದೆ, ಒಂದು ಫ್ರೇಮು ಬಿಟ್ಟು ಒಂದು ಫ್ರೇಮಿನಲ್ಲಿ ಮಿನುಗುವ ಗೊಂಬೆಗಳು ಕೆಲವು ಟಿವಿಗಳಲ್ಲಿ ಪೂರ್ತಿ ಮಾಯವಾಗುತ್ತವೆ. ಆದ್ದರಿಂದ ಅಂಕ ಕೊಡುವ ಆಟವೆಲ್ಲ ನನ್ನ 14 ಇಂಚಿನ ಹಳೆಯ ಸಿಆರ್‌ಟಿ, ಅಂದರೆ ಗಾಜಿನ ಚಿತ್ರಕೊಳವೆಯ ಟಿವಿಯಲ್ಲೇ ನಡೆಯುತ್ತದೆ. ಅದರ ಒಳಗೆ ಕೈ ಹಾಕುವ ಕೆಲಸವನ್ನು ಮಾತ್ರ ಟಿವಿ ರಿಪೇರಿಯವರಿಗೇ ಬಿಟ್ಟಿದ್ದೇನೆ. ಪ್ಲಗ್ ಕಿತ್ತ ಮೇಲೂ ಆ ಕೊಳವೆಯಲ್ಲಿ ಅಪಾಯಕಾರಿ ವೋಲ್ಟೇಜು ಉಳಿದಿರಬಹುದು.

ಇನ್ನು ವೇಗದ ಮಾತು. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಜಪಾನಿನ ಯಂತ್ರ ಸೆಕೆಂಡಿಗೆ ಸುಮಾರು 60 ಫ್ರೇಮುಗಳನ್ನು ತೋರಿಸುತ್ತದೆ. ನಮ್ಮ ದೇಶದ ಹಳೆಯ ಟಿವಿಗಳು ಪಾಲ್ ಎಂಬ ಪ್ರಸಾರ ಪದ್ಧತಿಯವಾದ್ದರಿಂದ ಅವುಗಳಿಗಾಗಿ ಮಾಡಿದ ನಕಲು ಯಂತ್ರ 50 ಫ್ರೇಮುಗಳನ್ನು ಮಾತ್ರ ತೋರಿಸುತ್ತದೆ. ಆ ಕಾಲದ ಗೇಮ್‌ಗಳು ಓಟ, ನೆಗೆತ, ಗಡಿಯಾರ ಎಲ್ಲವನ್ನೂ ಫ್ರೇಮುಗಳ ಲೆಕ್ಕದಲ್ಲೇ ನಡೆಸುವುದರಿಂದ, ನಕಲಿನಲ್ಲಿ ಇಡೀ ಆಟ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ. ಸಂಗೀತದ ಶ್ರುತಿ ಹೆಚ್ಚುಕಡಿಮೆ ಅಷ್ಟೇ ಇದ್ದು ಲಯ ಮಾತ್ರ ವಿಳಂಬವಾಗುವುದರಿಂದ ಕಿವಿಗೂ ಇದು ಸುಲಭವಾಗಿ ತಿಳಿಯುವುದಿಲ್ಲ. ಇದನ್ನು ಪತ್ತೆ ಮಾಡಲು ನಾನು ಬಳಸುವ ಉಪಾಯ ಸರಳವಾದದ್ದು: ಸೂಪರ್ ಮಾರಿಯೋ ಬ್ರದರ್ಸ್ ಹಾಕಿ, ಮೊದಲ ಹಂತದಲ್ಲಿ ಮಾರಿಯೋನನ್ನು ಹೊರಟ ಜಾಗದಲ್ಲೇ ನಿಲ್ಲಿಸಿ, ಮೇಲಿನ ಸಮಯದ ಅಂಕಿ 390ರಿಂದ 290ಕ್ಕೆ ಇಳಿಯುವುದನ್ನು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಅಳೆಯುವುದು. ಆ ಗೇಮಿನಲ್ಲಿ ಒಂದೊಂದು ಅಂಕಿ ಇಳಿಯಲು 24 ಫ್ರೇಮುಗಳು ಬೇಕು. ಹಾಗಾಗಿ ನೂರು ಅಂಕಿಗಳಿಗೆ ಮೂಲ ಯಂತ್ರದಲ್ಲಿ 40 ಸೆಕೆಂಡು, ನಕಲಿನಲ್ಲಿ 48 ಸೆಕೆಂಡು. ನನ್ನ ಪುಸ್ತಕದಲ್ಲಿ ಪ್ರತಿ ಅಂಕದ ಪಕ್ಕದಲ್ಲಿ 60 ಅಥವಾ 50 ಎಂದು ಬರೆದಿರುವುದು ಇದಕ್ಕಾಗಿ.

ಇದಕ್ಕೆ ವಿರುದ್ಧವಾಗಿ, ಕೆಲವು ದೋಷಗಳು ನಮ್ಮ ಪೆಟ್ಟಿಗೆಯವಲ್ಲ, ಮೂಲ ವಿನ್ಯಾಸದ್ದೇ. ಫ್ಯಾಮಿಕಾಮ್ ಪರದೆಯ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕುಗಳನ್ನು ತೋರಿಸಲಾರದು; ವೈರಿಗಳು ಸಾಲಾಗಿ ಬಂದಾಗ ಅವರು ಮಿಣುಕುವುದು ಇದರಿಂದ. ಅದಕ್ಕಾಗಿ ನಾನು ಅಂಕ ಕಳೆಯುವುದಿಲ್ಲ.

ಅಂಕ ಕೊಡುವಾಗ ನಾನು ನೋಡುವುದು ಮೂರೇ ಸಂಗತಿ. ಕೈ ಹೇಳಿದ್ದನ್ನು ಗೇಮ್ ಕೇಳುತ್ತದೆಯೇ? ಸತ್ತಾಗ ಯಾಕೆ ಸತ್ತೆ ಎಂದು ನನಗೆ ತಿಳಿಯುತ್ತದೆಯೇ? ಗೇಮ್ ಮುಗಿದ ಮೇಲೂ ಮತ್ತೆ ಆಡಬೇಕೆನಿಸುತ್ತದೆಯೇ? ಚಿತ್ರಕ್ಕೂ ಸಂಗೀತಕ್ಕೂ ಪ್ರತ್ಯೇಕ ಅಂಕವಿಲ್ಲ. ಇಬ್ಬರು ಆಡುವ ಗೇಮಿಗೆ ಎರಡು ಅಂಕಗಳನ್ನು ಬೇರೆ ಬೇರೆ ಬರೆಯುತ್ತೇನೆ, ಏಕೆಂದರೆ ಒಬ್ಬನೇ ಆಡಿದಾಗಿನ ಗೇಮೇ ಬೇರೆ. ಶಿರಸಿಯಲ್ಲಿ ಜೂನ್ ಜುಲೈ ತಿಂಗಳ ಮಳೆಯಲ್ಲಿ ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಕ್ಷಣಮಾತ್ರದ ಅಂತರಕ್ಕೇ ಯಂತ್ರ ಮೊದಲಿನಿಂದ ಶುರುವಾಗಿಬಿಡುವುದುಂಟು, ಮತ್ತು ಈ ಗೇಮ್‌ಗಳಲ್ಲಿ ಸೇವ್ ಮಾಡುವ ಸೌಕರ್ಯ ಇಲ್ಲ. ಹಾಗಾಗಿ ಉದ್ದನೆಯ ಗೇಮ್‌ಗಳನ್ನು ಬೇಸಿಗೆಗೆ ಇಟ್ಟುಕೊಳ್ಳುತ್ತೇನೆ.

ನನ್ನ ಪುಸ್ತಕದಲ್ಲಿ ಇಬ್ಬರ ಆಟಕ್ಕೆ ಹತ್ತಕ್ಕೆ ಹತ್ತು ಪಡೆದಿರುವುದು ಒಂದೇ: ನಾಮ್ಕೊ ಕಂಪನಿಯ 1985ರ ಬ್ಯಾಟಲ್ ಸಿಟಿ, ನಮ್ಮ ಹುಡುಗರ ಬಾಯಲ್ಲಿ ‘ಟ್ಯಾಂಕ್ ಗೇಮ್’. ಕೆಳಗೆ ಇಟ್ಟಿಗೆ ಗೋಡೆಯೊಳಗಿನ ಹದ್ದನ್ನು ಕಾಯುತ್ತ, ಪ್ರತಿ ಹಂತದಲ್ಲಿ ಇಪ್ಪತ್ತು ವೈರಿ ಟ್ಯಾಂಕುಗಳನ್ನು ಹೊಡೆಯಬೇಕು, ಹಂತಗಳು 35. ಇದರ ಸೊಗಸು ಇರುವುದು ಗೆಳೆಯನೂ ಅಡ್ಡಿಯಾಗಬಲ್ಲ ಎಂಬುದರಲ್ಲಿ. ನನ್ನ ಗುಂಡು ಜೊತೆಗಾರನ ಟ್ಯಾಂಕಿಗೆ ತಗುಲಿದರೆ ಅದು ಸಾಯುವುದಿಲ್ಲ, ಸ್ವಲ್ಪ ಹೊತ್ತು ಕಲ್ಲಾಗಿ ನಿಲ್ಲುತ್ತದೆ. ಆತುರದಲ್ಲಿ ಹೊಡೆದ ಗುಂಡು ನಮ್ಮದೇ ಹದ್ದಿಗೆ ಬಿದ್ದರೆ ಆಟವೇ ಮುಗಿಯಿತು. ಒಬ್ಬರು ಕಾವಲು, ಒಬ್ಬರು ದಾಳಿ ಎಂಬ ಹಂಚಿಕೆ ಯಾರೂ ಕಲಿಸದೆ ಬರುತ್ತದೆ, ಟ್ಯಾಂಕಿನ ಬಲ ಹೆಚ್ಚಿಸುವ ನಕ್ಷತ್ರ ಕಂಡ ಕೂಡಲೇ ಮುರಿಯುತ್ತದೆ. ಹಂತವನ್ನು ನಾವೇ ಕಟ್ಟುವ ವ್ಯವಸ್ಥೆಯೂ ಇದೆ. ಹಲವು ಗೇಮ್‌ಗಳನ್ನು ತುಂಬಿದ ಮಲ್ಟಿ ಕ್ಯಾಸೆಟ್ಟುಗಳಲ್ಲಿ ಸಿಗುವ ‘ಟ್ಯಾಂಕ್ 1990’ ಇದರ ತಿದ್ದಿದ ರೂಪ. ಅದರಲ್ಲಿ ಸೇರಿಸಿದ ಶಕ್ತಿಗಳಿಂದ ಆಟದ ಬಿಗಿ ಸಡಿಲಾಗಿದೆ ಎಂಬುದು ನನ್ನ ಅಭಿಪ್ರಾಯ, ಅಂಕ ಏಳು.

ಕೊನಾಮಿಯವರ ಕಾಂಟ್ರಾಗೆ ಇಬ್ಬರ ಆಟದಲ್ಲಿ ಒಂಬತ್ತು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಿ 30 ಲೈಫು ಪಡೆದು ಆಡಿದ ಆಟಕ್ಕೆ ನಾನು ಅಂಕ ಬರೆಯುವುದಿಲ್ಲ. ಮೂರೇ ಲೈಫಿನಲ್ಲಿ ಆಡಿದಾಗ ಮಾತ್ರ ಪ್ರತಿ ವೈರಿಯನ್ನೂ ಎಷ್ಟು ಲೆಕ್ಕ ಹಾಕಿ ನಿಲ್ಲಿಸಿದ್ದಾರೆ ಎಂದು ಕಾಣುತ್ತದೆ. ಒಂದು ಅಂಕ ಹೋದದ್ದು ಜಲಪಾತದ ಹಂತದಲ್ಲಿ: ಮುಂದಿನವನು ಹತ್ತಿದಂತೆ ಪರದೆ ಮೇಲೇರಿ, ಹಿಂದೆ ಉಳಿದವನು ಯಾವ ತಪ್ಪೂ ಮಾಡದೆ ಸಾಯುತ್ತಾನೆ. ಮಾರಿಯೋಗೆ 60ರ ವೇಗದಲ್ಲಿ ಹತ್ತು, 50ರಲ್ಲಿ ಎಂಟು. ನಿಧಾನವಾದಾಗ ಆಟ ಸುಲಭವಾಗುತ್ತದೆ ನಿಜ, ಆದರೆ ಓಡಿ ಬಂದು ನೆಗೆಯುವಾಗಿನ ಆ ತೂಕ ಕೈಗೆ ಸಿಗುವುದಿಲ್ಲ. ಎಕ್ಸೈಟ್‌ಬೈಕಿಗೆ ಎಂಟು, ಎಂಜಿನ್ ಬಿಸಿಯಾಗುವುದನ್ನು ತೋರಿಸುವ ಪಟ್ಟಿಯನ್ನು ನೋಡುತ್ತ ಬೈಕಿನ ಟರ್ಬೊ ವೇಗವನ್ನು ಬಿಟ್ಟು ಹಿಡಿಯುವುದು ಇಂದಿಗೂ ಬೇಸರ ತರುವುದಿಲ್ಲ. ಅಡ್ವೆಂಚರ್ ಐಲ್ಯಾಂಡಿಗೆ ಆರು: ಹಣ್ಣು ತಿನ್ನದಿದ್ದರೆ ಶಕ್ತಿ ಇಳಿಯುವ ನಿಯಮ ಒಳ್ಳೆಯದು, ಆದರೆ 32 ಸುತ್ತುಗಳಿಗೆ ಆ ಒಂದೇ ನಿಯಮ ಸಾಲದು. ಸರ್ಕಸ್ ಚಾರ್ಲಿ ಏಳು, ರೋಡ್ ಫೈಟರ್ ಆರು, ಐಸ್ ಕ್ಲೈಂಬರ್ ಐದು. ಕೊನೆಯದರಲ್ಲಿ ಗಾಳಿಯಲ್ಲಿದ್ದಾಗ ಪಕ್ಕಕ್ಕೆ ಸರಿಯಲು ಅದು ಬಿಡುವುದೇ ಇಲ್ಲ ಎನ್ನಬೇಕು.

ಡಕ್ ಹಂಟ್‌ಗೆ ಏಳು ಕೊಟ್ಟಿದ್ದೇನೆ. ಬಂದೂಕಿನ ಕುದುರೆ ಎಳೆದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿಯ ಚೌಕ ಮೂಡುತ್ತದೆ; ಬಂದೂಕಿನ ಮೂತಿಯೊಳಗಿನ ಸೆನ್ಸರ್ ಆ ಬೆಳಕನ್ನು ಕಂಡರೆ ಗುರಿ ತಾಗಿದಂತೆ. ಎಲ್‌ಇಡಿ ಟಿವಿಯಲ್ಲಿ ಈ ಬಂದೂಕು ಕೆಲಸ ಮಾಡುವುದಿಲ್ಲ. ನನ್ನ ಬಂದೂಕು ನಕಲು ಯಂತ್ರಕ್ಕೆ ಮಾತ್ರ ಹೊಂದುವುದರಿಂದ, ಆ ಏಳರ ಪಕ್ಕದಲ್ಲಿ ‘50, ಸಿಆರ್‌ಟಿ ಮಾತ್ರ’ ಎಂದು ಬರೆದಿಟ್ಟಿದ್ದೇನೆ.