ಶಾಲಾ ಪ್ರವಾಸದಲ್ಲಿ ವಿದ್ಯಾರ್ಥಿಗೆ ಹುಷಾರು ತಪ್ಪಿದಾಗ ಶಿಕ್ಷಕರು ಮಾಡಬೇಕಾದದ್ದು

ಪ್ರವಾಸದ ಎರಡನೆಯ ರಾತ್ರಿ ಹದಿನೈದು ವರ್ಷದ ಹುಡುಗನೊಬ್ಬ ಎರಡು ಸಲ ವಾಂತಿ ಮಾಡಿಕೊಂಡು, ‘ಏನಿಲ್ಲ ಸರ್, ಬಸ್ಸಿನಲ್ಲಿ ತಲೆ ಸುತ್ತಿತ್ತು, ಮಲಗಿದರೆ ಸರಿಹೋಗುತ್ತದೆ’ ಎಂದು ಹೊದಿಕೆ ಎಳೆದುಕೊಳ್ಳುತ್ತಾನೆ. ದಿನವಿಡೀ ಮಕ್ಕಳ ತಲೆ ಎಣಿಸಿ ದಣಿದ ಶಿಕ್ಷಕರಿಗೆ ಆ ಮಾತನ್ನು ನಂಬಿಬಿಡೋಣ ಎನ್ನಿಸುವುದು ಸಹಜ, ಮತ್ತು ಬಹುತೇಕ ಸಲ ಅವನು ಹೇಳಿದಂತೆಯೇ ಬೆಳಗಾಗುವ ಹೊತ್ತಿಗೆ ಚೇತರಿಸಿಕೊಂಡಿರುತ್ತಾನೆ. ಉಳಿದ ಕೆಲವೇ ಸಂದರ್ಭಗಳಲ್ಲಿ ಮಾತ್ರ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ನಡುವೆ ಅವನನ್ನು ಯಾರು, ಎಷ್ಟು ಸಲ ಎಬ್ಬಿಸಿ ಮಾತನಾಡಿಸಿದರು ಎಂಬುದರ ಮೇಲೆ ಅವನ ಜೀವವೇ ನಿಂತಿರುತ್ತದೆ. ‘ನಾಳೆ ಬೆಳಿಗ್ಗೆ ನೋಡೋಣ’ ಎಂಬ ಮಾತನ್ನು ಯಾವಾಗ ಆಡಬಹುದು, ಯಾವಾಗ ಆಡಲೇಬಾರದು ಎಂಬುದನ್ನು ತಿಳಿಯುವುದೇ ಪ್ರವಾಸದಲ್ಲಿರುವ ಶಿಕ್ಷಕರ ಕರ್ತವ್ಯದ ಬಹುಪಾಲು ಎಂದು ನನಗೆ ಅನ್ನಿಸಿದೆ.

ಈ ಕರ್ತವ್ಯ ವೈದ್ಯರ ಕರ್ತವ್ಯಕ್ಕಿಂತ ಬೇರೆ. 1893ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದಲ್ಲಿ ಲಾರ್ಡ್ ಈಶರ್ ಅವರು, ಎಚ್ಚರಿಕೆಯುಳ್ಳ ತಂದೆ ತನ್ನ ಮಕ್ಕಳ ಬಗ್ಗೆ ವಹಿಸುವಷ್ಟು ಕಾಳಜಿಯನ್ನು ಶಾಲೆಯ ಉಪಾಧ್ಯಾಯರೂ ವಹಿಸಬೇಕೆಂದು ಹೇಳಿದ್ದರು. ಆ ಅಳತೆಗೋಲನ್ನು ಮುಂದಿನ ನ್ಯಾಯಾಲಯಗಳು ಬಳಸುತ್ತ, ತಿದ್ದುತ್ತ ಬಂದಿವೆ. ರೋಗ ಯಾವುದೆಂದು ಗುರುತಿಸಬೇಕೆಂದು ಶಿಕ್ಷಕರನ್ನು ಯಾರೂ ಕೇಳುವುದಿಲ್ಲ. ಮಗುವಿನ ಸ್ಥಿತಿ ಬದಲಾಗುತ್ತಿರುವುದು ಕಣ್ಣಿಗೆ ಬೀಳಬೇಕು, ಬಿದ್ದ ಕೂಡಲೇ ಬಲ್ಲವರ ಕೈಗೆ ಒಪ್ಪಿಸಬೇಕು, ಅಷ್ಟೇ ನಿರೀಕ್ಷೆ. ‘ಅದನ್ನೆಲ್ಲ ಪ್ರವಾಸ ಸಂಸ್ಥೆಯವರು ನೋಡಿಕೊಳ್ಳುತ್ತಾರೆ’ ಎಂದು ನಿರಾಳವಾಗುವವರು ಇನ್ನೊಂದು ತೀರ್ಪನ್ನೂ ನೆನಪಿಡುವುದು ಒಳ್ಳೆಯದು. ಶಾಲಾ ಅವಧಿಯ ಈಜು ತರಗತಿಯನ್ನು ಹೊರಗಿನ ಗುತ್ತಿಗೆದಾರರಿಗೆ ಒಪ್ಪಿಸಿದ್ದ ಪ್ರಕರಣವೊಂದರಲ್ಲಿ, ಕೆಲಸವನ್ನು ಬೇರೆಯವರಿಗೆ ವಹಿಸಿದ ಮಾತ್ರಕ್ಕೆ ಶಿಕ್ಷಣ ಪ್ರಾಧಿಕಾರದ ಹೊಣೆ ಕಳಚಿಹೋಗುವುದಿಲ್ಲ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು.

ಹೊರಡುವ ಮೊದಲು

ಎಲ್ಲ ಮಕ್ಕಳ ಪೋಷಕರಿಂದಲೂ ಆರೋಗ್ಯದ ವಿವರಗಳ ಪತ್ರವನ್ನು ತುಂಬಿಸಿಕೊಳ್ಳುವುದು ವಾಡಿಕೆ. ತುಂಬಿಸಿಕೊಂಡದ್ದನ್ನು ಓದುವುದು ಅಷ್ಟು ವಾಡಿಕೆಯಲ್ಲಿಲ್ಲ. ಪತ್ರಗಳ ಕಟ್ಟು ಶಾಲೆಯ ಕಪಾಟಿನಲ್ಲಿ ಉಳಿದು, ಮಗು ನೂರಾರು ಕಿಲೋಮೀಟರ್ ದೂರದಲ್ಲಿ ಉಸಿರಾಡಲು ಒದ್ದಾಡುತ್ತಿದ್ದರೆ ಆ ಪತ್ರದಿಂದ ಯಾವ ಪ್ರಯೋಜನವೂ ಇಲ್ಲ. ಮಧುಮೇಹ, ಆಸ್ತಮಾ, ಅಪಸ್ಮಾರ, ತೀವ್ರ ಅಲರ್ಜಿ, ಹೃದಯದ ತೊಂದರೆ, ಇವುಗಳಲ್ಲಿ ಯಾವುದಾದರೂ ಇರುವ ಪ್ರತಿ ವಿದ್ಯಾರ್ಥಿಯ ಪೋಷಕರೊಂದಿಗೆ, ವಿದ್ಯಾರ್ಥಿಯನ್ನೂ ಕೂರಿಸಿಕೊಂಡು, ಅರ್ಧ ಗಂಟೆ ಮಾತನಾಡಬೇಕು. ಕೇಳಬೇಕಾದ ಪ್ರಶ್ನೆ ‘ಏನು ಕಾಯಿಲೆ’ ಎಂಬುದಷ್ಟೇ ಆಗಬಾರದು. ‘ಕೆಡುವಾಗ ಮೊದಲು ಹೇಗೆ ಕಾಣುತ್ತಾನೆ, ಆಗ ನೀವು ಮನೆಯಲ್ಲಿ ಏನು ಮಾಡುತ್ತೀರಿ, ಯಾವ ಹಂತದಲ್ಲಿ ಆಸ್ಪತ್ರೆಗೆ ಓಡುತ್ತೀರಿ’ ಎಂದು ಕೇಳಬೇಕು. ಉತ್ತರವನ್ನು ಒಂದೇ ಪುಟದಲ್ಲಿ ಬರೆದು, ಜೊತೆಗೆ ಬರುವ ಎಲ್ಲ ಶಿಕ್ಷಕರಿಗೂ ಓದಿಸಬೇಕು. ಸಹಪಾಠಿಗಳಿಗೆ ತಿಳಿಸುವುದು ಬಿಡುವುದು ಆ ವಿದ್ಯಾರ್ಥಿಗೆ ಸೇರಿದ ವಿಷಯ.

ಔಷಧಗಳು ಎರಡು ಜೊತೆ ಇರಲಿ, ಒಂದು ವಿದ್ಯಾರ್ಥಿಯ ಕೈಚೀಲದಲ್ಲಿ, ಇನ್ನೊಂದು ಶಿಕ್ಷಕರ ಕೈಚೀಲದಲ್ಲಿ. ಬಸ್ಸಿನ ಕೆಳಗಿನ ಸಾಮಾನಿನ ಗೂಡಿನಲ್ಲಿ ಇನ್ಹೇಲರ್ ಇದ್ದರೆ ಅದು ಇಲ್ಲದಂತೆಯೇ ಲೆಕ್ಕ. ಇನ್ಸುಲಿನ್ ಅಂತೂ ಬಿಸಿಗೆ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ತಂಗುವ ಪ್ರತಿ ಊರಿನಲ್ಲಿ ರಾತ್ರಿಯೂ ತೆರೆದಿರುವ ಆಸ್ಪತ್ರೆ ಯಾವುದು, ಅಲ್ಲಿಗೆ ಹೋಗಲು ಎಷ್ಟು ಹೊತ್ತು ಬೇಕು, ಆ ಹೊತ್ತಿನಲ್ಲಿ ವಾಹನ ಯಾವುದು ಸಿಗುತ್ತದೆ, ತುರ್ತು ಸೇವೆಯ ಸಂಖ್ಯೆ ಏನು ಎಂಬುದನ್ನು ಹೊರಡುವ ಮುನ್ನವೇ ಬರೆದಿಟ್ಟುಕೊಳ್ಳಬೇಕು. ಚಿಕಿತ್ಸೆಗೆ ಪೋಷಕರ ಲಿಖಿತ ಒಪ್ಪಿಗೆಯೂ ವಿಮೆಯ ಕಾಗದಗಳೂ ಜೊತೆಯಲ್ಲಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬ ಶಿಕ್ಷಕರು ಆಸ್ಪತ್ರೆಗೆ ಹೋದರೆ ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಹೆಸರಿನ ಸಮೇತ ಉತ್ತರವಿರಬೇಕು. ಮಗುವನ್ನು ಆಸ್ಪತ್ರೆಗೆ ಸೇರಿಸಲು ತಡವಾಗುವುದು ರೋಗ ತಿಳಿಯದೆ ಇದ್ದುದರಿಂದಲೇ ಎನ್ನುವಂತಿಲ್ಲ. ಕರೆದೊಯ್ಯಲು ಕೈ ಸಾಲದೆ ಇರುವುದರಿಂದಲೂ ತಡವಾಗುತ್ತದೆ.

ಹದಿಹರೆಯದವರನ್ನು ವಿಚಾರಿಸುವ ಬಗೆ

ಆರು ವರ್ಷದ ಮಗು ಹೊಟ್ಟೆ ನೋವೆಂದು ಅಳುತ್ತದೆ. ಹದಿನಾರರ ಹುಡುಗ ಅಥವಾ ಹುಡುಗಿ ಅದನ್ನು ಅಡಗಿಸುತ್ತಾರೆ. ಪ್ರವಾಸ ತಪ್ಪಿಹೋಗುವ ಭಯ, ಗೆಳೆಯರೆದುರು ಸಣ್ಣವರಾಗುವ ಭಯ, ಮನೆಗೆ ಫೋನ್ ಹೋಗುವ ಭಯ, ಎಲ್ಲವೂ ಸೇರಿ ‘ಚೆನ್ನಾಗಿದ್ದೇನೆ’ ಎಂಬ ಉತ್ತರವನ್ನು ಹೊರಡಿಸುತ್ತವೆ. ಆದ್ದರಿಂದ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲರೆದುರು ಕೇಳುವುದರಿಂದ ಏನೂ ಸಿಗದು. ಪಕ್ಕಕ್ಕೆ ಕರೆದು, ಆದಷ್ಟು ಮಟ್ಟಿಗೆ ಅದೇ ಲಿಂಗದ ಶಿಕ್ಷಕರು, ಇನ್ನೊಬ್ಬ ಹಿರಿಯರು ಕಾಣುವಷ್ಟು ದೂರದಲ್ಲಿರುವಂತೆ, ಹೌದು-ಅಲ್ಲ ಎಂದು ಮುಗಿಸಲಾಗದ ಪ್ರಶ್ನೆಗಳನ್ನು ಕೇಳಬೇಕು. ನೋವು ಎಲ್ಲಿ ಶುರುವಾಯಿತು, ಈಗ ಎಲ್ಲಿದೆ? ಕೊನೆಯ ಸಲ ಮೂತ್ರಕ್ಕೆ ಹೋದದ್ದು ಯಾವಾಗ? ಏನು ತಿಂದಿದ್ದು, ಏನು ನಿಂತಿತು, ಏನು ಹೊರಬಂತು? ಯಾವ ಮಾತ್ರೆಯನ್ನಾದರೂ ಈಗಾಗಲೇ ನುಂಗಿದ್ದಾರೆಯೇ? ಮದ್ಯವನ್ನೋ ಬೇರೆ ಏನನ್ನೋ ಸೇವಿಸಿರಬಹುದೆಂಬ ಶಂಕೆಯಿದ್ದರೆ, ಶಿಸ್ತಿನ ಮಾತು ಆಮೇಲಿನದು, ಈಗ ವೈದ್ಯರಿಗೆ ಹೇಳಲು ಬೇಕಾದಷ್ಟು ಹೇಳು ಎಂದು ಸ್ಪಷ್ಟಪಡಿಸಬೇಕು.

ಸಂಕೋಚದಿಂದ ಅನಾಹುತವಾಗುವ ಒಂದು ಸಂದರ್ಭವನ್ನು ಬಿಡಿಸಿ ಹೇಳಲೇಬೇಕು. ಹದಿಹರೆಯದ ಹುಡುಗರಲ್ಲಿ ವೃಷಣ ತಿರುಚಿಕೊಂಡು ರಕ್ತ ಸಂಚಾರ ನಿಲ್ಲುವ ತೊಂದರೆ ಒಮ್ಮಿಂದೊಮ್ಮೆಗೇ ಬರುತ್ತದೆ, ವಾಂತಿಯೂ ಆಗಬಹುದು. ಹುಡುಗ ನಾಚಿಕೊಂಡು ಅದನ್ನು ‘ಕೆಳಹೊಟ್ಟೆ ನೋವು’ ಎಂದಷ್ಟೇ ಹೇಳುತ್ತಾನೆ. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅಂಗ ಉಳಿಯುವ ಸಾಧ್ಯತೆ ಹೆಚ್ಚು, ಆಮೇಲೆ ಅದು ಬೇಗ ಕುಸಿಯುತ್ತದೆ. ಬೆಳಗಿನವರೆಗೆ ಕಾಯುವುದು ಎಂದರೆ ಆ ಆರು ಗಂಟೆಯನ್ನು ಕಳೆದುಬಿಟ್ಟಂತೆಯೇ. ಹಾಗೆಯೇ ಹೊಕ್ಕುಳ ಸುತ್ತ ಶುರುವಾಗಿ ಬಲಗಡೆಯ ಕೆಳಹೊಟ್ಟೆಗೆ ಇಳಿಯುವ, ನಡೆದರೆ, ಕೆಮ್ಮಿದರೆ ಹೆಚ್ಚುವ ನೋವು ಕರುಳುಬಾಲದ (ಅಪೆಂಡಿಕ್ಸ್) ಉರಿಯೂತದ್ದಿರಬಹುದು. ಮುಟ್ಟಿನ ಹೊಟ್ಟೆನೋವು ಎಂದು ಹುಡುಗಿಯೇ ಹೇಳಿದರೂ, ಪ್ರತಿ ತಿಂಗಳಿನ ನೋವಿನಂತೆಯೇ ಇದೆಯೇ ಎಂದು ಮರಳಿ ಕೇಳಬೇಕು.

ವಿಚಾರಿಸಿದ ಮೇಲೆ ಬರೆಯಬೇಕು. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಗಂಟೆ, ಜ್ವರ, ವಾಂತಿ ಎಷ್ಟು ಸಲ, ಎಷ್ಟು ನೀರು ಕುಡಿದ, ಮಾತು ಸ್ಪಷ್ಟವಿತ್ತೇ, ಉಸಿರಾಟ ಹೇಗಿತ್ತು, ಯಾರು ನೋಡಿದರು, ಇಷ್ಟೇ ಸಾಕು. ಇದನ್ನು ಕಚೇರಿ ಕೆಲಸವೆಂದು ಅಲಕ್ಷಿಸುವವರು, ಮೂರು ಸಾಲು ಬರೆದ ಮೇಲೆ ಮಗುವಿನ ಸ್ಥಿತಿ ಇಳಿಮುಖವಾಗಿರುವುದು ತಾನಾಗಿ ಎದ್ದು ಕಾಣುತ್ತದೆ ಎಂಬುದನ್ನು ಗಮನಿಸಬೇಕು. ರಾತ್ರಿ ಹುಷಾರಿಲ್ಲದ ವಿದ್ಯಾರ್ಥಿಯನ್ನು ಕೋಣೆಯ ಗೆಳೆಯರ ಮೇಲುಸ್ತುವಾರಿಗೆ ಬಿಡುವುದು ಕೂಡದು. ಅವರೂ ಮಕ್ಕಳೇ, ನಿದ್ದೆಗೆ ಜಾರುವವರೇ. ಅಲಾರಂ ಇಟ್ಟುಕೊಂಡು ಶಿಕ್ಷಕರೇ ಸರದಿಯಂತೆ ಹೋಗಬೇಕು. ಹೋದಾಗ ಬಾಗಿಲಿನಿಂದ ಇಣುಕಿ ‘ಮಲಗಿದ್ದಾನೆ’ ಎಂದು ಹಿಂತಿರುಗಿದರೆ ನೋಡಿದಂತಾಗಲಿಲ್ಲ, ಏಕೆಂದರೆ ನಿದ್ದೆಗೂ ಪ್ರಜ್ಞೆ ಮಸುಕಾಗುವುದಕ್ಕೂ ಇರುವ ವ್ಯತ್ಯಾಸ ಎಬ್ಬಿಸಿದಾಗಲೇ ತಿಳಿಯುವುದು.

ಕಾಯದೆ ಹೊರಡಬೇಕಾದ ಸಂದರ್ಭಗಳು

ಹೆಚ್ಚು ವಿವರವಾಗಿ ಹೇಳಬೇಕಾದದ್ದು ಟೈಪ್ 1 ಮಧುಮೇಹದ ಬಗ್ಗೆ, ಏಕೆಂದರೆ ಅದರ ಅಪಾಯ ಸಾಮಾನ್ಯ ಹೊಟ್ಟೆ ಕೆಟ್ಟಿರುವುದರ ವೇಷದಲ್ಲಿ ಬರುತ್ತದೆ. ಶರೀರಕ್ಕೆ ಇನ್ಸುಲಿನ್ ಸಾಲದಾದಾಗ ಅದು ಕೊಬ್ಬನ್ನು ಕರಗಿಸತೊಡಗಿ, ಕೀಟೋನ್ ಎಂಬ ಆಮ್ಲೀಯ ವಸ್ತುಗಳು ರಕ್ತದಲ್ಲಿ ಸೇರುತ್ತವೆ. ವಾಂತಿ, ಹೊಟ್ಟೆನೋವು, ತೀರದ ಬಾಯಾರಿಕೆ, ಹಣ್ಣಿನಂತಹ ವಾಸನೆಯ ಉಸಿರು, ಆಳವಾದ ವೇಗದ ಉಸಿರಾಟ, ಕೊನೆಗೆ ಮಂಪರು ಎಂಬಂತೆ ಅದು ಮುಂದುವರಿಯುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಊಟ ಮಾಡಿಲ್ಲವಲ್ಲ, ಇನ್ಸುಲಿನ್ ಬೇಡ ಎಂದು ಮಗುವೂ ಅಂದುಕೊಳ್ಳುತ್ತದೆ, ಶಿಕ್ಷಕರೂ ತಲೆಯಾಡಿಸುತ್ತಾರೆ. ಕಾಯಿಲೆ ಬಂದಾಗ ಶರೀರಕ್ಕೆ ಬೇಕಾಗುವ ಇನ್ಸುಲಿನ್ ಅನೇಕ ಸಲ ಹೆಚ್ಚೇ ಆಗಿರುತ್ತದೆ. ತಳಮಟ್ಟದ ಇನ್ಸುಲಿನ್ ಅನ್ನು, ಅಂದರೆ ಊಟ ಮಾಡಲಿ ಬಿಡಲಿ ಶರೀರಕ್ಕೆ ದಿನವಿಡೀ ಬೇಕಾಗುವ ಇನ್ಸುಲಿನ್ ಅನ್ನು, ಎಂದೂ ಪೂರ್ತಿ ನಿಲ್ಲಿಸಬಾರದು. ಮಧುಮೇಹವಿರುವ ವಿದ್ಯಾರ್ಥಿ ವಾಂತಿ ಮಾಡಿದರೆ ತಕ್ಷಣ ಸಕ್ಕರೆಯನ್ನೂ ಕೀಟೋನನ್ನೂ ಪರೀಕ್ಷಿಸಿ, ಪೋಷಕರಿಗೆ ಅಥವಾ ಅವರ ವೈದ್ಯರಿಗೆ ಫೋನ್ ಮಾಡಬೇಕು. ರಕ್ತದ ಕೀಟೋನ್ ಪ್ರತಿ ಲೀಟರ್‌ಗೆ 3 ಮಿಲಿಮೋಲ್ ಮುಟ್ಟಿದರೆ, ವಾಂತಿ ನಿಲ್ಲದಿದ್ದರೆ, ಅಥವಾ ಪರೀಕ್ಷಿಸುವ ಸಾಧನವೇ ಇಲ್ಲದಿದ್ದರೆ ಆಸ್ಪತ್ರೆಗೆ ಹೊರಡಬೇಕು.

ಸಕ್ಕರೆ ಇಳಿದಾಗ ಮಾಡಬೇಕಾದದ್ದು ಇದಕ್ಕೆ ವಿರುದ್ಧ. ಪ್ರತಿ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗೆ ಹೋಗಿ, ಬೆವರು, ನಡುಕ, ಗೊಂದಲ ಕಂಡರೆ ಸುಮಾರು 15 ಗ್ರಾಂ ಸಕ್ಕರೆಯನ್ನು ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಪಕ್ಕಕ್ಕೆ ಹೊರಳಿಸಿ ಮಲಗಿಸಿ ಆಂಬ್ಯುಲೆನ್ಸ್ ಕರೆಯಬೇಕು.

ತೀವ್ರ ಅಲರ್ಜಿಯಲ್ಲಿ ತುಟಿ, ನಾಲಿಗೆ ಊದಿ, ಉಸಿರು ಕಟ್ಟಿ, ತಲೆ ಸುತ್ತಿ ಬರುತ್ತದೆ. ಅಡ್ರಿನಲಿನ್ ಪೆನ್ (ಇಂತಹ ಅಲರ್ಜಿಗೆಂದೇ ಇರುವ, ಪೆನ್ನಿನಂತಹ ಚುಚ್ಚುಮದ್ದು) ಇದ್ದರೆ ತೊಡೆಯ ಹೊರಭಾಗಕ್ಕೆ ಚುಚ್ಚುವುದು ಮೊದಲ ಕೆಲಸ, ಫೋನ್ ಮಾಡುವುದು ಎರಡನೆಯದು. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯ ಪೆನ್. ಮಲಗಿಸಿಡಬೇಕು, ಉಸಿರಾಟ ಕಷ್ಟವಾದರೆ ಕೂರಿಸಬಹುದು, ಎಬ್ಬಿಸಿ ನಡೆಸಬಾರದು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಕೆಲವು ಗಂಟೆಗಳ ನಂತರ ಅದು ಮರುಕಳಿಸಬಹುದು. ಆಸ್ತಮಾ ಇರುವವರು ಒಂದು ಪೂರ್ತಿ ವಾಕ್ಯವನ್ನು ಉಸಿರೆಳೆಯದೆ ಆಡಲಾರದಿದ್ದರೆ, ಇನ್ಹೇಲರಿನಿಂದ ಪ್ರಯೋಜನವಾಗದಿದ್ದರೆ, ಅದೂ ತುರ್ತೇ. ಅಪಸ್ಮಾರದ ಸೆಳವು (ಫಿಟ್ಸ್) ಐದು ನಿಮಿಷ ಮೀರಿದರೆ ಆಂಬ್ಯುಲೆನ್ಸ್. ಬಿಸಿಲಿನಲ್ಲಿ ನಡೆದ ವಿದ್ಯಾರ್ಥಿಯ ಮೈ ಸುಡುತ್ತಿದ್ದು ಮಾತು ತಡವರಿಸಿದರೆ ನೆರಳಿಗೆ ಒಯ್ದು, ನೀರು ಸುರಿದು, ಗಾಳಿ ಬೀಸಿ ತಣಿಸುವುದನ್ನು ಆಂಬ್ಯುಲೆನ್ಸ್ ಬರುವವರೆಗೂ ನಿಲ್ಲಿಸಬಾರದು.

ಮಿದುಳು ಪೊರೆಯ ಸೋಂಕು ಫ್ಲೂವಿನಂತೆ ಶುರುವಾಗುತ್ತದೆ. ಜ್ವರದ ಜೊತೆ ಕುತ್ತಿಗೆ ಬಿಗಿ, ಬೆಳಕು ಸಹಿಸಲಾಗದಿರುವುದು, ಗೊಂದಲ, ಕೈಕಾಲು ತಣ್ಣಗಾಗುವುದು ಇದ್ದರೆ ಚರ್ಮದ ಮೇಲೆ ಕಲೆಗಳು ಮೂಡುವವರೆಗೆ ಕಾಯಬಾರದು. ಗಾಜಿನ ಲೋಟ ಒತ್ತಿದರೂ ಮಾಸದ ಕಲೆ ಅಪಾಯದ ಗುರುತು ನಿಜ. ಆದರೆ ಕೆಲವರಲ್ಲಿ ಅದು ತಡವಾಗಿ ಬರುತ್ತದೆ, ಕೆಲವರಲ್ಲಿ ಬರುವುದೇ ಇಲ್ಲ.

ಮಾತ್ರೆ, ಫೋನ್ ಮತ್ತು ಉಳಿದ ಮಕ್ಕಳು

ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಮಾತ್ರೆಯನ್ನೂ ಕೊಡದಿರುವುದು ಕ್ಷೇಮ. ಒಪ್ಪಿಗೆ ಇದ್ದರೂ ಹದಿನಾರಕ್ಕಿಂತ ಕಿರಿಯರಿಗೆ ವೈದ್ಯರು ಹೇಳದೆ ಆಸ್ಪಿರಿನ್ ಕೊಡಬಾರದು, ರೇ ಸಿಂಡ್ರೋಮ್ ಎಂಬ ಅಪರೂಪದ ಆದರೆ ಘೋರವಾದ ತೊಂದರೆಗೆ ಅದು ದಾರಿಯಾಗಬಹುದು. ನೆಗಡಿಯ ಅನೇಕ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಅಡಗಿರುವುದರಿಂದ, ಮಗು ತಾನೇ ಒಂದು ನುಂಗಿ, ಶಿಕ್ಷಕರು ಇನ್ನೊಂದು ಕೊಟ್ಟು ಪ್ರಮಾಣ ಇಮ್ಮಡಿಯಾಗುವುದುಂಟು.

ಪೋಷಕರಿಗೆ ಬೇಗ ತಿಳಿಸಬೇಕು, ನಡುರಾತ್ರಿಯಾದರೂ ಸರಿ. ಗಾಬರಿಪಡಿಸಬಾರದೆಂದು ಬೆಳಗಿನವರೆಗೆ ಸುಮ್ಮನಿರುವವರು, ಆ ಮಗುವನ್ನು ಹುಟ್ಟಿದಂದಿನಿಂದ ಬಲ್ಲವರ ತಿಳಿವಳಿಕೆಯನ್ನು ಕೈಯಾರೆ ದೂರವಿಟ್ಟಂತೆ. ಆದರೆ ತುರ್ತು ಇದ್ದಾಗ ಕ್ರಮ ಹಿಂದುಮುಂದಾಗಬಾರದು: ಮೊದಲು ಆಂಬ್ಯುಲೆನ್ಸ್, ಆಮೇಲೆ ಪೋಷಕರು, ಆಮೇಲೆ ಮುಖ್ಯೋಪಾಧ್ಯಾಯರು. ಆಸ್ಪತ್ರೆಗೆ ಕರೆದೊಯ್ಯಲು ಪ್ರವಾಸದ ಮುಖ್ಯಸ್ಥರ ಅನುಮತಿಗೆ ಕಿರಿಯ ಶಿಕ್ಷಕಿಯೊಬ್ಬರು ಕಾಯಬೇಕಾಗುವ ವ್ಯವಸ್ಥೆ ಇದ್ದರೆ ಹೊರಡುವ ಮೊದಲೇ ಅದನ್ನು ಬದಲಿಸಿ, ಅನುಮಾನ ಬಂದ ಯಾರೇ ಆದರೂ ಕರೆ ಮಾಡಬಹುದು ಎಂದು ಎಲ್ಲರೆದುರು ಹೇಳಿರಬೇಕು. ಆಸ್ಪತ್ರೆಯಲ್ಲಿ ವಿದ್ಯಾರ್ಥಿಯ ಪಕ್ಕದಲ್ಲಿ ಚಾಲಕನನ್ನೋ ಮಾರ್ಗದರ್ಶಿಯನ್ನೋ ಬಿಟ್ಟು ಬರುವಂತಿಲ್ಲ. ಪೋಷಕರು ಬಂದು ಒಪ್ಪಿಸಿಕೊಳ್ಳುವವರೆಗೆ ಶಿಕ್ಷಕರು ಅಲ್ಲಿರಬೇಕು.

ಉಳಿದ ಮಕ್ಕಳಿಗೆ ನಿಜವನ್ನು ಎರಡು ವಾಕ್ಯದಲ್ಲಿ ಹೇಳಿ, ಫೋಟೊ ತೆಗೆದು ಹಂಚಬಾರದೆಂದು ತಾಕೀತು ಮಾಡಿದರೆ ಸಾಕು. ವಾಂತಿ-ಭೇದಿ ಒಬ್ಬರಿಂದೊಬ್ಬರಿಗೆ ಹರಡುತ್ತಿದ್ದರೆ ಹುಷಾರಿಲ್ಲದವರಿಗೆ ಬೇರೆ ಕೋಣೆ ಕೊಟ್ಟು, ಸಾಬೂನು ಹಚ್ಚಿ ಕೈ ತೊಳೆಸಬೇಕು. ನೊರೋವೈರಸ್‌ನಂತಹವುಗಳಿಗೆ ಸ್ಯಾನಿಟೈಸರ್ ಸಾಲದು, ಲಕ್ಷಣಗಳು ನಿಂತ ಮೇಲೂ 48 ಗಂಟೆ ಬೆರೆಯದಿರುವುದು ಒಳ್ಳೆಯದು.

ಊರಿಗೆ ಮರಳಿದಾಗ ಮಗುವನ್ನು ಬಸ್ಸಿನಿಂದ ಇಳಿಸಿ ಬೀಳ್ಕೊಡುವುದರೊಂದಿಗೆ ಕೆಲಸ ಮುಗಿಯುವುದಿಲ್ಲ. ನೋಟ್‌ಬುಕ್ಕಿನ ಪುಟಗಳ ಪ್ರತಿ, ಕೊಟ್ಟ ಔಷಧ ಮತ್ತು ಕೊಟ್ಟ ಗಂಟೆ, ವೈದ್ಯರ ಚೀಟಿ, ಇವನ್ನು ಪೋಷಕರ ಕೈಗೇ ಕೊಡಬೇಕು. ತಲೆಗೆ ಪೆಟ್ಟು ಬಿದ್ದಿದ್ದರೆ ಮುಂದಿನ 48 ಗಂಟೆ ಗಮನಿಸಬೇಕಾದದ್ದನ್ನು, ಅಂದರೆ ಹೆಚ್ಚುತ್ತಿರುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಲು ಕಷ್ಟವಾಗುವ ಮಂಪರು, ಇವುಗಳನ್ನು ಬಾಯಲ್ಲಿ ಹೇಳಿ, ಕಾಗದದಲ್ಲೂ ಬರೆದುಕೊಡಬೇಕು. ಜೊತೆಗಿದ್ದ ಪ್ರತಿಯೊಬ್ಬ ಶಿಕ್ಷಕರೂ ತಮಗೆ ಕಂಡದ್ದನ್ನು, ಪರಸ್ಪರ ಮಾತಾಡಿಕೊಂಡು ಕತೆ ಒಂದಾಗುವ ಮೊದಲೇ, ಪ್ರತ್ಯೇಕವಾಗಿ ಬರೆದು ದಿನಾಂಕ ಹಾಕಿ ಸಹಿ ಮಾಡಿ ಶಾಲೆಗೆ ಒಪ್ಪಿಸಬೇಕು.