ಅಂಡಮಾನಿಗೆ ಸೇವೆಗೆ ಹೊರಡುವ ಹಿರಿಯ ದಂಪತಿಗಳಿಗೆ

ದಾವಣಗೆರೆಯಿಂದ ಅಂಡಮಾನಿನ ಚರ್ಚ್ ಸೇವೆಗೆ ಹೊರಡುವ ಹಿರಿಯ ದಂಪತಿಗಳು ಮೊದಲು ವೈದ್ಯರನ್ನು ಕಂಡು, ಬಿಪಿ, ಶುಗರ್ ಮಾತ್ರೆಗಳನ್ನು ಮೂರು ತಿಂಗಳಿಗಾಗುವಷ್ಟು ಬರೆಸಿಕೊಂಡು, ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಚೆನ್ನೈನಿಂದ ಹಡಗಿಗೆ ಸುಮಾರು ಮೂರು ದಿನ ಹಿಡಿಯುವುದರಿಂದ ಮಂಡಿನೋವಿರುವವರಿಗೆ ವಿಮಾನವೇ ಲೇಸು.

ಅಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುತ್ತದೆ, ನಮ್ಮ ಬಯಲುಸೀಮೆಯ ರೂಢಿಯಂತೆ ಶೇಂಗಾ ಚಟ್ನಿಪುಡಿಯನ್ನು ಕಾಗದದ ಪೊಟ್ಟಣದಲ್ಲಿ ಒಯ್ದರೆ ಬೂಷ್ಟು ಹಿಡಿಯುತ್ತದೆ, ಬಿಗಿಮುಚ್ಚಳದ ಸ್ಟೀಲ್ ಡಬ್ಬಿಯೇ ಬೇಕು. ಗಡಿಯಾರದ ಸಮಯ ನಮ್ಮದೇ ಆದರೂ ದ್ವೀಪ ಬಹಳ ಪೂರ್ವಕ್ಕಿರುವುದರಿಂದ ಡಿಸೆಂಬರಿನಲ್ಲಿ ಸಂಜೆ 5ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಮನೆಭೇಟಿಗಳನ್ನು ಅದಕ್ಕೆ ಮೊದಲೇ ಮುಗಿಸಬೇಕು.

ನಿಕೋಬಾರಿಗೆ ಭಾರತೀಯರೂ ಬುಡಕಟ್ಟು ಪ್ರದೇಶದ ಪಾಸ್ ಪಡೆಯಬೇಕು. ಜಾರವಾ, ಸೆಂಟಿನೆಲಿ ಬುಡಕಟ್ಟು ಜನರ ಮೀಸಲು ಪ್ರದೇಶಕ್ಕಂತೂ ಸೇವೆಯ ಹೆಸರಿನಲ್ಲಿಯೂ ಕಾಲಿಡಕೂಡದು. 1956ರ ಸಂರಕ್ಷಣಾ ನಿಯಮದ ಪ್ರಕಾರ ಅದು ಅಪರಾಧ.