ಬೆರಳು ದಪ್ಪ ಅಂತ ಗಿಟಾರ್ ಮಾರುವ ಮೊದಲು ನಟ್ ಅಳೆಯಿರಿ

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಓದುವ ಹುಡುಗನೊಬ್ಬ ಹೋದ ತಿಂಗಳು ಗಿಟಾರ್ ಹೊತ್ತುಕೊಂಡು ಬಂದಿದ್ದ. "ಸರ್, ನನ್ನ ಬೆರಳು ದಪ್ಪ ಅದಾವ್ರಿ. ಎ ಕಾರ್ಡ್ ಹಿಡದ್ರ ಬಾಜೂ ತಂತಿಗೆ ತಾಗ್ತಾವ. ಇದನ್ನ ಮಾರಿ ಅಗಲಂದು ತಗೋತೀನ್ರಿ" ಅಂದ. (ಕಾರ್ಡ್ ಅಂದರೆ ಹಲವು ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಸ್ವರಗುಚ್ಛ.) ಕೈಗೆ ತಗೊಂಡು ನೋಡಿದೆ. ನಟ್ 43 ಮಿ.ಮೀ. ಅಗಲವಿತ್ತು. ಆದರೆ ಆರೂ ತಂತಿಗಳನ್ನು ನಡುವೆ 33 ಮಿ.ಮೀ. ಜಾಗದಲ್ಲಿ ಒತ್ತಿಟ್ಟಿದ್ದರು. ಎರಡೂ ಅಂಚಿನಲ್ಲಿ ಐದೈದು ಮಿ.ಮೀ. ಸುಮ್ನೆ ಖಾಲಿ ಬಿದ್ದಿತ್ತು. ಅವನ ಬೆರಳಿಗೆ ಏನೂ ಆಗಿರಲಿಲ್ಲ.

ಇಂಥವರನ್ನು ನಾನು ಬಹಳ ನೋಡಿದ್ದೇನೆ. ಕೆಲವರು ಕಲಿಯುವುದನ್ನೇ ಬಿಟ್ಟಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಟ್ ಅಂದರೆ ಟ್ಯೂನಿಂಗ್ ಕೀಗಳಿರುವ ತಲೆಗೂ ಬೆರಳಿಟ್ಟು ಒತ್ತುವ ಫ್ರೆಟ್‌ಬೋರ್ಡಿಗೂ ನಡುವೆ ಇರುವ ಬಿಳಿ ಪಟ್ಟಿ. ತಂತಿಗಳು ಅದರಲ್ಲಿ ಕೊರೆದ ಸಣ್ಣ ಸೀಳುಗಳಲ್ಲಿ, ಅಂದರೆ ಗಾಡಿಗಳಲ್ಲಿ, ಹಾದು ಬರುತ್ತವೆ. ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರ್‌ನಲ್ಲಿ ಇದರ ಅಗಲ ಸಾಮಾನ್ಯವಾಗಿ 43 ಅಥವಾ 44.5 ಮಿ.ಮೀ. ಹೊಸದಾಗಿ ಕಲಿಯುವವರ ಕೈಯಲ್ಲಿ ಜಾಸ್ತಿ ಕಾಣುವ ಯಮಾಹಾ ಎಫ್310 ಗಿಟಾರಿನದು 43. ಎಲೆಕ್ಟ್ರಿಕ್‌ನಲ್ಲಿ ಬಹುಪಾಲು 42ರಿಂದ 43. ನೈಲಾನ್ ತಂತಿಯ ಕ್ಲಾಸಿಕಲ್‌ನಲ್ಲಿ 52. ತಂತಿ ಮೃದು ಅಂತ ಸಣ್ಣ ಮಕ್ಕಳಿಗೆ ದೊಡ್ಡ ಅಳತೆಯ ಕ್ಲಾಸಿಕಲ್ ಕೊಡಿಸುವ ಅಪ್ಪ ಅಮ್ಮಂದಿರು ಈ 52ನ್ನು ನೆನಪಿಡಬೇಕು. ಆ ಪುಟ್ಟ ಕೈ ಆರನೇ ತಂತಿ (ಎಲ್ಲಕ್ಕಿಂತ ದಪ್ಪದ್ದು) ಮುಟ್ಟಲು ಒದ್ದಾಡುತ್ತದೆ.

ಇನ್ನೊಂದು ಲೆಕ್ಕ. 43 ಬಿಟ್ಟು 44.5ರ ಗಿಟಾರ್ ಕೊಂಡರೆ ಸಿಗುವುದು ಒಟ್ಟು ಒಂದೂವರೆ ಮಿ.ಮೀ. ಅದು ಐದು ಸಂದುಗಳಿಗೆ ಹಂಚಿಹೋಗುತ್ತದೆ. ಸಂದಿಗೆ 0.3 ಮಿ.ಮೀ. ಮಾತ್ರ. ಒಂದೊಂದೇ ತಂತಿಯನ್ನು ಬೆರಳಿನಿಂದ ಮೀಟಿ ನುಡಿಸುವವರಿಗೆ ಅದೂ ಬೇಕಾಗುತ್ತದೆ, ಒಪ್ಪುತ್ತೇನೆ. ಕಾರ್ಡ್ ಹಿಡಿದು ಹಾಡುವವರು ಮೊದಲು ಇದ್ದ ಗಿಟಾರನ್ನೇ ಸರಿ ಮಾಡಿಕೊಳ್ಳಿ.

ಮೊದಲ ಹೆಜ್ಜೆ: ರೋಗ ಯಾವುದು ಅಂತ ತಿಳಿಯಿರಿ. ಒಂದನೇ ಫ್ರೆಟ್‌ಗೆ (ಫ್ರೆಟ್‌ಬೋರ್ಡ್ ಮೇಲಿನ ಲೋಹದ ಅಡ್ಡಪಟ್ಟಿ) ಕೇಪೋ (ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಅದೇ ಕಾರ್ಡ್‌ಗಳನ್ನು ಹಿಡಿಯಿರಿ. ಸಲೀಸಾಯಿತೇ? ಹಾಗಾದರೆ ತೊಂದರೆ ಇರುವುದು ನಟ್‌ನ ಎತ್ತರದಲ್ಲಿ. ಗಾಡಿ ಆಳ ಸಾಲದೆ ತಂತಿ ಮೇಲೆ ನಿಂತಿದೆ. ಒತ್ತಲು ಬಲ ಜಾಸ್ತಿ ಬೇಕಾಗಿ ಬೆರಳು ಚಪ್ಪಟೆಯಾಗುತ್ತದೆ, ಚಪ್ಪಟೆಯಾದದ್ದು ಪಕ್ಕದ ತಂತಿಗೆ ತಾಗುತ್ತದೆ. ಕೇಪೋ ಹಾಕಿದರೂ ತಾಗುತ್ತಿದ್ದರೆ ಅಂತರದ ಕಡೆ ನೋಡಿ. ಬೆರಳು ನೋವು ಅಂತ ಸಿಲಿಕಾನ್ ಟೋಪಿ ಮಾತ್ರ ಹಾಕಿಕೊಳ್ಳಬೇಡಿ. ಬೆರಳು ಇನ್ನೂ ದಪ್ಪವಾಗುತ್ತದೆ, ಸಂದು ಇನ್ನೂ ಸಾಲುವುದಿಲ್ಲ.

ಎರಡನೆಯದು ಅಳತೆ. ವರ್ನಿಯರ್ ಬೇಕೇ ಬೇಕು. ಶಾಲೆಯ ಪಟ್ಟಿಯಿಂದ ಈ ಕೆಲಸ ಆಗುವುದಿಲ್ಲ. ಹುಬ್ಬಳ್ಳಿ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಲೇತ್ ಕೆಲಸದವರ ಪರಿಚಯ ಇದ್ದರೆ ಒಂದು ಗಳಿಗೆ ಕೇಳಿ ಅಳೆದುಕೊಳ್ಳಿ. ನಟ್ ಅಗಲ ಬರೆದುಕೊಳ್ಳಿ, ಒಂದನೇ ತಂತಿಯ ಹೊರ ಅಂಚಿನಿಂದ ಆರನೇ ತಂತಿಯ ಹೊರ ಅಂಚಿಗೆ ಎಷ್ಟು ಅಂತಲೂ ಬರೆದುಕೊಳ್ಳಿ.

ಇನ್ನು ಎಲ್ಲರೂ ಕೆಡಿಸುವ ಹೆಜ್ಜೆ, ಗುರುತು ಹಾಕುವುದು. ಇಲ್ಲಿ ಆತುರ ಮಾಡಬೇಡಿ.

ಹೊಸ ನಟ್‌ಗೆ ಎಲುಬಿನ ತುಂಡನ್ನೇ ತನ್ನಿ, ಅಗಲ ಎತ್ತರ ಹಳೆಯದಕ್ಕೆ ಹೊಂದಿಸಿ ಉಜ್ಜಿಕೊಳ್ಳಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಬರುವ, ಒಳಗೆ ಪೊಳ್ಳಾದ ಪ್ಲಾಸ್ಟಿಕ್ ನಟ್ ಬೇಡ. ಪ್ಯಾಕೆಟ್ ಮೇಲೆ 43 ಅಂತ ಬರೆದಿರುತ್ತಾರೆ, ತಂತಿಗಳ ಅಂತರ ಎಷ್ಟು ಅಂತ ಬರೆದಿರುವುದಿಲ್ಲ. ಆ ಹುಡುಗನ ಗಿಟಾರಿಗೆ ಯಾರೋ ಕೂರಿಸಿದ್ದೂ ಅಂಥದ್ದೇ.

ಮೊದಲು ಹೊರಗಿನ ಎರಡು ತಂತಿ ಮಾತ್ರ. ಎರಡೂ ಅಂಚಿನಿಂದ ಮೂರೂವರೆ ಮಿ.ಮೀ. ಬಿಡಿ. 43ರಲ್ಲಿ ಏಳು ಹೋದರೆ 36. ಇನ್ನೂ ಹೊರಗೆ ಎಳೆಯುವ ಆಸೆ ಬೇಡ. ಒಂದನೇ ತಂತಿ ಫ್ರೆಟ್‌ನ ಅಂಚು ದಾಟಿ ಜಾರಿಬೀಳುತ್ತದೆ. ತೆಳ್ಳಗೆ ಗೀರಿ, ಹಳೇ ನಟ್ ತೆಗೆದ ಜಾಗದಲ್ಲಿ ಇದನ್ನಿಟ್ಟು (ತೆಗೆಯುವ ಬಗೆ ಕೆಳಗಿದೆ), ಎರಡೂ ತಂತಿ ಸಡಿಲವಾಗಿ ಹಾಕಿ, 12ನೇ ಫ್ರೆಟ್‌ವರೆಗೂ ಕಣ್ಣು ಹಾಯಿಸಿ. ಎರಡೂ ಕಡೆ ಅಂಚು ಸಮವಾಗಿ ಕಾಣಬೇಕು. ಒಂದು ಕಡೆ ಸರಿದಿದ್ದರೆ ಗೀರನ್ನು ಈಗಲೇ ಸರಿಸಿ. ಆಳ ಕೊರೆದ ಮೇಲೆ ಸರಿಸಲು ಬರುವುದಿಲ್ಲ.

ಆಮೇಲೆ ಒಳಗಿನ ನಾಲ್ಕು. 36ನ್ನು ಐದರಿಂದ ಭಾಗಿಸಿ ಗುರುತು ಹಾಕುವುದೇ ದೊಡ್ಡ ತಪ್ಪು. ಒಂದನೇ ತಂತಿಯ ದಪ್ಪ 0.30 ಮಿ.ಮೀ., ಆರನೆಯದು 1.35. ನಡುಗೆರೆಗಳನ್ನು ಸಮವಾಗಿ ಇಟ್ಟರೆ ದಪ್ಪ ತಂತಿಗಳ ಕಡೆ ಸಂದು ಕಿರಿದಾಗುತ್ತದೆ. ಐದು ಮತ್ತು ಆರರ ನಡುವೆ 5.8 ಉಳಿಯುತ್ತದೆ, ಒಂದು ಮತ್ತು ಎರಡರ ನಡುವೆ 6.7. ಬೆರಳು ಕೂರುವುದು ಸಂದಿನಲ್ಲಿ ಅಲ್ವಾ? ಸಮ ಇರಬೇಕಾದದ್ದು ಸಂದು. 12–53ರ ಲೈಟ್ ಸೆಟ್‌ನ (ಒಂದನೇ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 12 ಭಾಗ, ಆರನೆಯದು 53 ಭಾಗ) ಆರೂ ತಂತಿಗಳ ದಪ್ಪ ಕೂಡಿದರೆ ಸುಮಾರು 4.55 ಮಿ.ಮೀ. ಅದನ್ನು 36ರಲ್ಲಿ ಕಳೆದು ಐದರಿಂದ ಭಾಗಿಸಿ. ಪ್ರತಿ ಸಂದಿಗೂ 6.3 ಬರುತ್ತದೆ. ಐದು–ಆರರ ನಡುವೆ ಅರ್ಧ ಮಿ.ಮೀ. ಹೆಚ್ಚು ಸಿಕ್ಕಿತು. ಹೊಸ ಗಿಟಾರ್ ಕೊಡುತ್ತಿದ್ದುದಕ್ಕಿಂತ ಜಾಸ್ತಿ.

ಒಂದನೇ ತಂತಿಯ ಹೊರ ಅಂಚಿನಿಂದ ಅಳೆದರೆ ಆರು ಗಾಡಿಗಳ ನಡುಗೆರೆ ಹೀಗೆ ಬರುತ್ತವೆ: 0.15, 6.8, 13.6, 20.6, 27.8, 35.3. ಚೂಪಾದ ಪೆನ್ಸಿಲ್‌ನಿಂದ ಕಾಗದದ ಪಟ್ಟಿಯ ಮೇಲೆ ಗುರುತು ಮಾಡಿ, ಅದನ್ನು ನಟ್‌ಗೆ ಅಂಟಿಸಿ, ಅದರ ಮೇಲೇ ಗೀರಿ. ನಿಮ್ಮ ಸೆಟ್ ಬೇರೆಯಾದರೆ ಪ್ಯಾಕೆಟ್ ಮೇಲಿನ ದಪ್ಪ ಹಾಕಿ ಲೆಕ್ಕ ಮತ್ತೆ ಮಾಡಿ.

ಹಳೇ ನಟ್ ತೆಗೆಯುವುದು ಸುಲಭ. ಸುತ್ತಲಿನ ಪಾಲಿಶ್ ಬ್ಲೇಡಿನಿಂದ ಕೊಯ್ದು, ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದರೆ ಕಳಚುತ್ತದೆ.

ಗಾಡಿ ಕೊರೆಯಲು ನಟ್ ಫೈಲ್ ಸಿಗದಿದ್ದರೆ ಗ್ಯಾಸ್ ವೆಲ್ಡಿಂಗ್ ನಾಜಲ್ ಕ್ಲೀನ್ ಮಾಡುವ ಸಣ್ಣ ಅರಗಳ ಸೆಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಅವು ಬಳುಕುತ್ತವೆ, ಗಟ್ಟಿ ಹಿಡಿದು ಉಜ್ಜಿ. ತಂತಿಗಿಂತ ಕೂದಲೆಳೆಯಷ್ಟು ಅಗಲದ್ದೇ ಆರಿಸಿ. ಗಾಡಿ ಟ್ಯೂನಿಂಗ್ ಕೀ ಕಡೆಗೆ ಇಳಿಜಾರಾಗಿರಲಿ, ತಂತಿ ಫ್ರೆಟ್‌ಬೋರ್ಡ್ ಕಡೆಯ ಅಂಚಿನಲ್ಲೇ ಕೂರಬೇಕು. ಮೀರಜಿನ ಕುಶಲಿಗರು ತಂಬೂರಿಗೆ ಜವಾರಿ ತೆಗೆಯುವುದನ್ನು, ಅಂದರೆ ತಂತಿ ಕೂರುವ ಕುದುರೆಯನ್ನು ಉಜ್ಜಿ ನಾದ ಹೊಂದಿಸುವುದನ್ನು, ನೋಡಿದ್ದೀರಾ? ಎರಡು ಸಲ ಉಜ್ಜುತ್ತಾರೆ, ತಂತಿ ಮೀಟಿ ಕೇಳುತ್ತಾರೆ, ಮತ್ತೆ ಉಜ್ಜುತ್ತಾರೆ. ಹಾಗೇ ಮಾಡಿ. ಎರಡು ಮತ್ತು ಮೂರನೇ ಫ್ರೆಟ್ ನಡುವೆ ತಂತಿ ಒತ್ತಿ ಹಿಡಿದು ಒಂದನೇ ಫ್ರೆಟ್ ಮೇಲೆ ನೋಡಿ. ತಂತಿಯ ಕೆಳಗೆ ಬೆಳಕಿನ ಸಣ್ಣ ಗೆರೆ ಕಾಣಬೇಕು. ಅಷ್ಟು ಬಂದರೆ ನಿಲ್ಲಿಸಿ. ನನ್ನ ಮೊದಲ ನಟ್‌ನಲ್ಲಿ ಆರನೇ ಗಾಡಿಯನ್ನು ಒಂದೇ ಉಸಿರಿಗೆ ಉಜ್ಜಿ ಆಳ ಮಾಡಿದ್ದೆ. ತೆರೆದ ತಂತಿ ಮೀಟಿದರೆ ಗರಗರ ಅನ್ನುತ್ತಿತ್ತು. ಅಡುಗೆ ಸೋಡಾ ತುಂಬಿ ಒಂದು ಹನಿ ಫೆವಿಕ್ವಿಕ್ ಬಿಟ್ಟರೆ ಗಟ್ಟಿಯಾಗುತ್ತದೆ, ಮತ್ತೆ ಕೊರೆಯಬಹುದು. ಆದರೆ ಅದನ್ನು ತಾತ್ಕಾಲಿಕ ಅಂತಲೇ ತಿಳಿಯಿರಿ. ಸೋಡಾ ತುಂಬಿದ ಗಾಡಿ ಎಲುಬಿಗಿಂತ ಬೇಗ ಸವೆಯುತ್ತದೆ.

ಗಾಡಿಗಳಿಗೆ ಪೆನ್ಸಿಲ್ ಪುಡಿ ಸವರಿ. ಟ್ಯೂನ್ ಮಾಡುವಾಗ ಟಿಕ್ ಅಂತ ಸದ್ದು ಬಂದರೆ ಗಾಡಿ ಬಿಗಿ ಇದೆ, ಇನ್ನೊಂದು ಸಲ ಉಜ್ಜಿ. ಕೊನೆಗೆ ನಟ್ ಕೆಳಗೆ ಮರದ ಅಂಟು ಎರಡು ಚುಕ್ಕೆ ಇಟ್ಟು ಕೂರಿಸಿ. ಫೆವಿಕ್ವಿಕ್ ಹಾಕಿದರೆ ಮುಂದಿನ ಸಲ ತೆಗೆಯುವಾಗ ಮರವೇ ಕಿತ್ತು ಬರುತ್ತದೆ.